ನಾಲ್ಕೇ ದಿನದಲ್ಲಿ ಮಗು 300 ಗ್ರಾಂ ಜಾಸ್ತಿ ಆಗುತ್ತಾ?

ಚೊಚ್ಚಲ ಬಸುರಿ: ನನಗೀಗ 34 ವಾರ. ಸೋಮವಾರ ಸ್ಕ್ಯಾನಿಂಗ್‌ನಲ್ಲಿ ಮಗು 2 ಕೆಜಿ ಅಂದರು. ಅತ್ತೆ "ಹೊಟ್ಟೆ ನೋಡಿದರೇ ಗೊತ್ತಾಗಲ್ವಾ, ಮಗು ಸಣ್ಣ" ಅಂದರು. ನಿದ್ದೆ ಹೋಯ್ತು. ಶುಕ್ರವಾರ ಇನ್ನೊಂದು ಕಡೆ ಮಾಡಿಸಿದೆ, 2.3! ಎಲ್ಲಾ ತಮ್ಮ ಬಾದಾಮಿ ಹಾಲಿನ ಮಹಿಮೆ ಅಂತಿದ್ದಾರೆ ಅತ್ತೆ. ಯಾವುದನ್ನು ನಂಬಲಿ?

ಕತ್ತಲೆ ಕೋಣೆ: ನಾನು ರೇಡಿಯಾಲಜಿಸ್ಟ್. ಬಾದಾಮಿ ಹಾಲು ಕುಡೀರಿ, ಆದರೆ ಅದಕ್ಕೆ ಅಷ್ಟು ಶಕ್ತಿ ಇಲ್ಲ. ಈ ಹೊತ್ತಿಗೆ ಮಗು ವಾರಕ್ಕೆ ಸುಮಾರು 200 ಗ್ರಾಂ ಬೆಳೆಯುತ್ತೆ. ನಾಲ್ಕು ದಿನಕ್ಕೆ ನೂರು ಚಿಲ್ಲರೆ ಅಷ್ಟೇ. ಮಿಕ್ಕಿದ್ದು ಅಳತೆಯ ವ್ಯತ್ಯಾಸ.

ನಮ್ಮ ಮಷಿನ್ನಿನಲ್ಲಿ ತಕ್ಕಡಿ ಇಲ್ಲಮ್ಮ. ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ, ಇಷ್ಟನ್ನು ನಾವು ಅಳೀತೀವಿ. ಲೆಕ್ಕ ಮಷಿನ್ ಮಾಡುತ್ತೆ. ರಿಪೋರ್ಟಿನಲ್ಲಿ 'ಹ್ಯಾಡ್ಲಾಕ್' ಅಂತ ಇದ್ದರೆ ಅದು ಆ ಸೂತ್ರದ ಹೆಸರು, 1980ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ್ದು.

ಎಡವಟ್ಟಾಗುವುದು ಹೆಚ್ಚಾಗಿ ಹೊಟ್ಟೆಯಲ್ಲಿ. ಮಗುವಿನ ಹೊಟ್ಟೆ ಪರದೆ ಮೇಲೆ ದುಂಡಗೆ ಕಾಣಬೇಕು. ಜಠರ ಕಪ್ಪು ಗುಳ್ಳೆಯ ಹಾಗೆ ಒಂದು ಕಡೆ ಇರಬೇಕು. ಪ್ರೋಬ್ (ನಿಮ್ಮ ಹೊಟ್ಟೆ ಮೇಲೆ ಆಡಿಸುವ ಹಿಡಿ) ಸ್ವಲ್ಪ ಓರೆಯಾದರೂ ದುಂಡು ಮೊಟ್ಟೆಯಾಗುತ್ತೆ, ತೂಕ ಏರುತ್ತೆ. ಮಗು ಮುದುಡಿಕೊಂಡು ಕೂತಿದ್ದರೆ, ಮಗುವಿನ ಸುತ್ತಲಿನ ನೀರು ಕಡಿಮೆ ಇದ್ದರೆ ಇನ್ನೂ ಕಷ್ಟ. ಶೇ. 10ರಿಂದ 15ರಷ್ಟು ಆಚೀಚೆ ಆಗುವುದು ಮಾಮೂಲಿ. ನಿಮ್ಮ 2ಕ್ಕೂ 2.3ಕ್ಕೂ ಜಗಳವೇ ಇಲ್ಲ!

ಎರಡು ವಾರ ಬಿಟ್ಟು, ಆದಷ್ಟು ಒಂದೇ ಕಡೆ ಮಾಡಿಸಿ. ಆಗ ಬೆಳವಣಿಗೆ ಗೊತ್ತಾಗುತ್ತೆ. ಎರಡೂ ರಿಪೋರ್ಟ್ ನಿಮ್ಮ ಡಾಕ್ಟರಿಗೆ ತೋರಿಸಿ. ನೀರು, ಡಾಪ್ಲರ್ (ಮಗುವಿನ ರಕ್ತದ ಹರಿವಿನ ಪರೀಕ್ಷೆ) ಹೇಗಿದೆ ಅಂತಲೂ ಕೇಳಿ. ಮಗುವಿನ ಮಿಸುಕಾಟ ಕಡಿಮೆ ಅನಿಸಿದರೆ ಮಾತ್ರ ಎರಡು ವಾರ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ.

ಎರಡು ಮಕ್ಕಳ ತಾಯಿ: ನನ್ನ ಎರಡನೆಯವಳು 3.6 ಅಂದಿದ್ದರು. ಹೆದರಿ ಅನ್ನ ಅರ್ಧ ಮಾಡಿದ್ದೆ. ಹುಟ್ಟಿದಾಗ 3.15.

ಕತ್ತಲೆ ಕೋಣೆ: ಅನ್ನ ಯಾಕೆ ಬಿಟ್ರಿ! ಸಕ್ಕರೆ ಕಾಯಿಲೆ ಇದ್ದರೆ ಊಟದ ಲೆಕ್ಕ ಡಾಕ್ಟರ್ ಹೇಳ್ತಾರೆ. ಸ್ಕ್ಯಾನಿಂಗ್ ನೋಡಿ ಸುಮ್ನೆ ಉಪವಾಸ ಬೇಡ.

ಚೊಚ್ಚಲ ಬಸುರಿ: ಇವತ್ತು ಹೋಗಿದ್ದೆ. ಡಾಕ್ಟರ್ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಟೈಲರ್ ಟೇಪ್ ತೆಗೆದು ನನ್ನ ಹೊಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಅಳೆದರು. 33 ಸೆಂಟಿಮೀಟರ್, ಸರಿ ಇದೆ ಅಂದರು. ನೀರೂ ಸಾಕಷ್ಟಿದೆಯಂತೆ. ಅತ್ತೆ ಆ ಟೇಪನ್ನೇ ದಿಟ್ಟಿಸಿ ನೋಡ್ತಿದ್ದರು. ಮನೆಯಲ್ಲೂ ಒಂದಿದೆ, ಬಚ್ಚಿಡಬೇಕು.