ಮೊಬೈಲ್ ನೋಡಿ ಪಕ್ಷ ಬದಲಿಸುತ್ತಾರಾ?

ಚಿಕ್ಕಪ್ಪ, ಇದನ್ನು ಒಂದೇ ಸಾಲಿನಲ್ಲಿ ಬರೆದರೆ ಜಗಳ ಆಡಿದ ಹಾಗೆ ಕಾಣುತ್ತದೆ. ಅದಕ್ಕೇ ಮಾತಾಡಿದ ಹಾಗೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೈಬೇಡಿ.

ನಾಲ್ಕು ವಿಡಿಯೋ ನೋಡಿ ಜನ ಈ ಪಕ್ಷ ಬಿಟ್ಟು ಆ ಪಕ್ಷಕ್ಕೆ ಹಾರುತ್ತಾರೆ ಅಂದಿರಿ, ಅಲ್ವಾ? ಅಷ್ಟು ಸುಲಭ ಅಂತ ನನಗೆ ಅನ್ನಿಸುವುದಿಲ್ಲ. ಬದಲಾಗುವವನ ಮನಸ್ಸು ಸಾಮಾನ್ಯವಾಗಿ ಮೊದಲೇ ಮುರಿದಿರುತ್ತದೆ. ಕೆಲಸ ಸಿಗಲಿಲ್ಲ, ಬೆಲೆ ಏರಿತು, ನಂಬಿದ ನಾಯಕ ಮಾತು ತಪ್ಪಿದ, ಏನೋ ಒಂದು. ಆದರೂ ಇಷ್ಟು ವರ್ಷ ವೋಟು ಹಾಕಿದ ಪಕ್ಷ ಬಿಡಲು ಮುಜುಗರ. ಮನೆಯವರು ಏನಂದಾರು ಅನ್ನುವ ಅಳುಕು ಬೇರೆ. ಆಗ ತನ್ನಂಥವನೇ ಇನ್ನೊಬ್ಬ "ನಾನೂ ಅವರಿಗೇ ಹಾಕುತ್ತಿದ್ದೆ, ಈ ಸಲ ಇಲ್ಲ" ಅಂತ ಬರೆದದ್ದು ಕಣ್ಣಿಗೆ ಬೀಳುತ್ತದೆ. ಸರಿ, ನಾನೊಬ್ಬನೇ ಅಲ್ಲ! ಕಾರಣ ಅವನದೇ, ಧೈರ್ಯ ಮೊಬೈಲಿನದು.

ಗುರುತಿನವರಿಗೆ ಎಷ್ಟು ತೂಕ ನೋಡಿ. 2010ರಲ್ಲಿ ಅಮೆರಿಕದ ಚುನಾವಣೆಯ ದಿನ ಫೇಸ್‌ಬುಕ್ಕಿನಲ್ಲಿ 6 ಕೋಟಿಗೂ ಜಾಸ್ತಿ ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. ಸುಮ್ನೆ "ವೋಟು ಹಾಕಿ" ಅನ್ನುವ ಸಂದೇಶ ನೋಡಿದವರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ವೋಟು ಹಾಕಿದ ಗೆಳೆಯರ ಫೋಟೋ ಜೊತೆಗೆ ನೋಡಿದವರು ಮಾತ್ರ ಸ್ವಲ್ಪ ಜಾಸ್ತಿ ಮತಗಟ್ಟೆಗೆ ಹೋದರು. ಅದು ಪಕ್ಷ ಬದಲಿಸುವ ಪರೀಕ್ಷೆಯಲ್ಲ, ಒಪ್ಪಿದೆ. ಆದರೆ ಜನ ನೋಡುವುದು ಮುಖವನ್ನು ಅನ್ನುವುದು ಗೊತ್ತಾಗುತ್ತದೆ.

ಹಾಗಾದರೆ ಎದುರು ಪಕ್ಷದ ಮಾತನ್ನೇ ದಿನಾ ಓದಿಸಿದರೆ? ಅದನ್ನೂ ಅಮೆರಿಕದಲ್ಲೇ ಮಾಡಿ ನೋಡಿದ್ದಾರೆ, 2018ರಲ್ಲಿ ಪ್ರಕಟವಾಯಿತು. ದುಡ್ಡು ಕೊಟ್ಟು ಒಂದು ತಿಂಗಳು ಟ್ವಿಟರ್‌ನಲ್ಲಿ ಎದುರು ಬಣದ ಪೋಸ್ಟುಗಳನ್ನು ಓದಿಸಿದರು. ಅಲ್ಲಿನ ರಿಪಬ್ಲಿಕನ್ ಪಕ್ಷದವರು ತಮ್ಮ ಕಡೆಗೇ ಇನ್ನಷ್ಟು ಗಟ್ಟಿಯಾದರು! ನಮ್ಮ ವಾಟ್ಸ್‌ಆಪ್ ಗ್ರೂಪಿನಲ್ಲೂ ಅಷ್ಟೇ. ಬೈಗುಳದ ಪೋಸ್ಟ್ ನೋಡಿ ಯಾರಾದರೂ ಬದಲಾದರಾ? ಮಾತು ನಿಲ್ಲಿಸಿದರು, ಅಷ್ಟೇ.

ಮೊಬೈಲಿನದು ಏನೂ ತಪ್ಪಿಲ್ಲ ಅಂತಲೂ ಹೇಳುತ್ತಿಲ್ಲ. ಅನುಮಾನದಲ್ಲಿರುವವನು ಒಂದು ವಿಡಿಯೋ ಪೂರ್ತಿ ನೋಡಿದರೆ ಸಾಕು, ಅಂಥವೇ ಸಾಲಾಗಿ ಬರುತ್ತವೆ. ಊರಿಗೆ ಊರೇ ಆ ಕಡೆ ಹೋಯಿತು ಅಂದುಕೊಳ್ಳುತ್ತಾನೆ. ಅವುಗಳಲ್ಲಿ ದುಡ್ಡು ಕೊಟ್ಟು ಬರೆಸಿದ್ದು ಯಾವುದು, ನಿಜವಾಗಿ ನೊಂದವನು ಬರೆದದ್ದು ಯಾವುದು, ತಿಳಿಯುವುದು ಕಷ್ಟ. ನನಗೆ ಭಯ ಇರುವುದು ಇದರ ಬಗ್ಗೆ.

ಅಂದಹಾಗೆ ಚಿಕ್ಕಪ್ಪ, ನೀವು ನಿನ್ನೆ ಹಾಕಿದ ಫಾರ್ವರ್ಡ್ ಮೇಲೆ ಜೋಡಿ ಬಾಣದ ಗುರುತು ಇತ್ತು. ಅಂದರೆ ಕಡಿಮೆ ಅಂದರೂ ಐದು ಕೈ ದಾಟಿ ಬಂದದ್ದು. ಅದನ್ನು ಮೊದಲು ಬರೆದವರು ಯಾರು, ನಿಮಗೆ ಗೊತ್ತಾ?