ಗಾಜಿನ ರೂಮು ಬೇಸಿಗೆಯಲ್ಲಿ ಒಲೆ, ಚಳಿಯಲ್ಲಿ ಫ್ರಿಜ್ಜು. ಎಲ್ಲಿಂದ ಶುರು ಮಾಡಲಿ?

ಬಿಸಿಲುಬಾಗಿಲು:
ಮನೆಗೆ ಅಂಟಿಕೊಂಡ ಹಾಗೆ ಒಂದು ಗಾಜಿನ ರೂಮು ಇದೆ. 4 ಮೀಟರ್ ಉದ್ದ, 3 ಮೀಟರ್ ಅಗಲ. ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಅಲ್ಯೂಮಿನಿಯಂ ಫ್ರೇಮು, ಹಳೇ ಡಬಲ್ ಗಾಜು. ಸೂರಿಗೆ ಪಾಲಿಕಾರ್ಬೊನೇಟ್ ಶೀಟು, ಅಂದರೆ ಬೆಳಕು ಬಿಡುವ, ಒಳಗೆ ಟೊಳ್ಳಿರುವ ಪ್ಲಾಸ್ಟಿಕ್. ಹಿಂದೆ ಇದ್ದವರು ಕಟ್ಟಿಸಿದ್ದು. ನೋಡೋಕೆ ಚೆಂದ, ಕೂರೋಕೆ ಆಗಲ್ಲ.

ಬೇಸಿಗೆಯ ಮಧ್ಯಾಹ್ನ ಎರಡು ಥರ್ಮಾಮೀಟರ್ ಇಟ್ಟು ನೋಡಿದೆ. ನೆಲದ ಹತ್ತಿರ 31 ಡಿಗ್ರಿ, ಸೂರಿನ ಕೆಳಗೆ 44! ಚಳಿಗಾಲ ಬಂತೆಂದರೆ ಇನ್ನೊಂದು ಕತೆ. ಹೀಟರ್ ಆರಿಸಿ ಅರ್ಧ ಗಂಟೆ ಆಗೋದೇ ತಡ, ಮತ್ತೆ ನಡುಕ. ಬೆಳಗ್ಗೆ ಎದ್ದರೆ ಫ್ರೇಮಿನ ಉದ್ದಕ್ಕೂ ನೀರಿನ ಹನಿ ಸಾಲಾಗಿ ನಿಂತಿರುತ್ತವೆ, ಒಂದಕ್ಕೊಂದು ಸೇರಿ ಜಾರಿ ಕೆಳಗೆ ಇಳಿಯುತ್ತವೆ, ಅಲ್ಲಿ ಕಟ್ಟೆ ಮೇಲೆ ಇಟ್ಟಿದ್ದ ನನ್ನ ಪುಸ್ತಕಗಳೆಲ್ಲ ಉಬ್ಬಿ ಹಪ್ಪಳ ಆಗಿವೆ. ಒಬ್ಬರು ಬಂದು ನೋಡಿ, ಸೂರಿಗೆ ಒಳಗಡೆಯಿಂದ ಬೆಳ್ಳಿ ಹಾಳೆ (ಶಾಖ ತಡೆಯೋ ಹೊಳಪಿನ ಹಾಳೆ) ಹೊಡೆದುಬಿಡಿ, ಎಲ್ಲ ಸರಿಹೋಗುತ್ತೆ ಅಂದರು. ನಿಜವಾ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಅಳತೆಪಟ್ಟಿ:
ಬೆಳ್ಳಿ ಹಾಳೆ ಒಂದರಿಂದಲೇ ಸರಿಹೋಗಲ್ಲ. ಮೊದಲು ಲೆಕ್ಕ ನೋಡಿ.

ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವ್ಯಾಟ್ ಶಾಖ ಸೋರುತ್ತೆ ಅನ್ನೋದೇ ಯು-ವ್ಯಾಲ್ಯೂ. 10 ಎಂಎಂ ಪಾಲಿಕಾರ್ಬೊನೇಟಿಗೆ ಅದು ಹೆಚ್ಚುಕಮ್ಮಿ 3. ನಿಮ್ಮ ಸೂರು 12 ಚದರ ಮೀಟರ್, ಹೊರಗೆ 5 ಡಿಗ್ರಿ ಒಳಗೆ 20 ಡಿಗ್ರಿ ಅಂದುಕೊಳ್ಳಿ. 12 ಗುಣಿಲೆ 3 ಗುಣಿಲೆ 15, ಅಂದರೆ 540 ವ್ಯಾಟ್. ಸೂರೊಂದರಿಂದಲೇ ಇಷ್ಟು. ಅದೇ ಜಾಗಕ್ಕೆ ಒಳ್ಳೆ ಫೋಮ್ ಇರುವ ಗಟ್ಟಿ ಸೂರು ಬಂದರೆ ಯು-ವ್ಯಾಲ್ಯೂ 0.2ರ ಹತ್ತಿರ ಬರುತ್ತೆ, ಸೋರಿಕೆ 36 ವ್ಯಾಟ್.

ಸುತ್ತಲಿನ ಗಾಜಿಂದ ಹೋಗೋದೂ ಕಮ್ಮಿ ಏನಲ್ಲ, ಹಳೇ ಡಬಲ್ ಗಾಜಿಗೆ 2.8 ಹಿಡಿದರೆ ಸೂರಿಗಿಂತ ಜಾಸ್ತಿಯೇ ಆಗಬಹುದು. ಆದರೂ ನಾನು ಸೂರಿಂದಲೇ ಶುರು ಮಾಡಿ ಅನ್ನುತ್ತೇನೆ. ಯಾಕೆಂದರೆ ಗಾಜು ಬದಲಾಯಿಸಿದರೆ ಮುಖ್ಯವಾಗಿ ಚಳಿಗೆ ಲಾಭ, ನೆತ್ತಿ ಮೇಲಿನ ಬಿಸಿಲಿಗೆ ಅಷ್ಟಿಲ್ಲ. ಸೂರು ಸರಿಯಾದರೆ ಎರಡೂ ಕಾಲಕ್ಕೆ ಲಾಭ. ಮಳೆ ಬಂದಾಗ ಡಬಡಬ ಸದ್ದೂ ನಿಲ್ಲುತ್ತೆ, ಅದು ಬೋನಸ್ಸು.

ಒಂದು ಎಚ್ಚರಿಕೆ. ಶೀಟು ತೆಗೆದು ಗಾಜು ಹಾಕಿಸೋಣ ಅಂತ ಯಾರಾದರೂ ಹೇಳಿದರೆ ತೂಕ ಕೇಳಿ. ಗಾಜು ಒಂದು ಎಂಎಂ ದಪ್ಪಕ್ಕೆ ಚದರ ಮೀಟರಿಗೆ 2.5 ಕೆಜಿ. 4 ಎಂಎಂನ ಎರಡು ಗಾಜು ಅಂದರೆ 20 ಕೆಜಿ, ನಿಮ್ಮ ಸೂರಿಗೆ ಒಟ್ಟು 240 ಕೆಜಿ. ಈಗಿರುವ ಶೀಟು ಅಷ್ಟಕ್ಕೂ ಸೇರಿ 20 ಕೆಜಿಯ ಆಸುಪಾಸು ಇರಬಹುದು. ಆ ಫ್ರೇಮು ತಡೆಯುತ್ತಾ? ಗಟ್ಟಿ ಸೂರಿಗೂ ಇದೇ ಪ್ರಶ್ನೆ. ಇಂಜಿನಿಯರ್ ಒಬ್ಬರು ನೋಡಿ ಹೂಂ ಅನ್ನದೆ ಕೈ ಹಾಕಬೇಡಿ.

ಗಡಿಬಿಡಿ:
ಇಷ್ಟೆಲ್ಲ ಯಾಕೆ ಗುರೂ, ಸುಮ್ನೆ ಒಂದು ಎಸಿ ಹಾಕಿಸಿ. ಬಿಸಿ ಗಾಳಿನೂ ಬರುತ್ತೆ, ತಣ್ಣನೆ ಗಾಳಿನೂ ಬರುತ್ತೆ.

ಅಳತೆಪಟ್ಟಿ:
ತೂತು ಕೊಡಕ್ಕೆ ನೀರು ಸುರಿದ ಹಾಗೆ. ತೂತು ಮುಚ್ಚಿ ಆಮೇಲೆ ಹಾಕಿಸಲಿ, ಚಿಕ್ಕದೇ ಸಾಕಾಗುತ್ತೆ.

ಒಡೆದಗಾಜು:
ನನ್ನ ಹೆಸರೇ ಹೇಳುತ್ತೆ ಅಲ್ವಾ.

ನಾನೂ ಬಿಸಿಲು ತಡೆಯೋಕೆ ಅಂತ ಗಾಜಿಗೆ ಒಳಗಡೆಯಿಂದ ಕಪ್ಪು ಫಿಲ್ಮ್ ಅಂಟಿಸಿದೆ. ಒಂದು ತಿಂಗಳು ಖುಷಿಯಾಗಿದ್ದೆ. ಒಂದು ದಿನ ಮಧ್ಯಾಹ್ನ ಟಪ್ ಅಂತ ಸದ್ದು. ಕಲ್ಲು ಬಿತ್ತಾ ಅಂತ ಹೋಗಿ ನೋಡಿದರೆ ಎಲ್ಲೂ ಪೆಟ್ಟಿನ ಗುರುತಿಲ್ಲ, ಫ್ರೇಮಿನ ಅಂಚಿಂದ ನೆಟ್ಟಗೆ ಹೊರಟ ಬಿರುಕು ಒಂದು ಗೇಣು ಬಂದು ಆಮೇಲೆ ಹಾವಿನ ಹಾಗೆ ಸೊಟ್ಟಗೆ ಹೋಗಿತ್ತು. ಆದದ್ದು ಇಷ್ಟೇ. ಫಿಲ್ಮ್ ಬಿಸಿಲನ್ನು ಹೀರಿಕೊಂಡು ಗಾಜಿನ ನಡುಭಾಗ ಕಾದಿದೆ, ಫ್ರೇಮಿನೊಳಗೆ ಕೂತ ಅಂಚು ತಣ್ಣಗೇ ಇದೆ. ನಡುಭಾಗ ಹಿಗ್ಗಿ ಅಂಚನ್ನು ಎಳೆಯಿತು, ಒಡೆಯಿತು. ಎಲ್ಲ ಫಿಲ್ಮೂ ಹೀಗೆ ಮಾಡಲ್ಲ, ನಿಮ್ಮ ಗಾಜಿಗೆ ಹೊಂದುತ್ತಾ ಅಂತ ಕೇಳಿ ತಗೊಳ್ಳಬೇಕಿತ್ತು. ನಾನು ಕೇಳಲಿಲ್ಲ.

ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ. ಒಳಗೆ ಬಂದ ಬೆಳಕು ನೆಲ, ಕುರ್ಚಿ ಎಲ್ಲವನ್ನೂ ಕಾಯಿಸುತ್ತೆ, ಅವು ವಾಪಸ್ ಬಿಡುವ ಶಾಖ ಗಾಜು ದಾಟಿ ನೇರವಾಗಿ ಹೊರಗೆ ಹೋಗಲ್ಲ. ಒಳಗಿನ ಪರದೆ ಎಳೆಯೋ ಹೊತ್ತಿಗೆ ಕಳ್ಳ ಆಗಲೇ ಮನೆಯೊಳಗೆ ಇರುತ್ತಾನೆ. ನಾನೀಗ ಹೊರಗೆ ಒಂದು ಅಡಿ ದೂರದಲ್ಲಿ ನೆರಳು ಬಟ್ಟೆ ಕಟ್ಟಿದ್ದೇನೆ, ಚಳಿಗಾಲದಲ್ಲಿ ಬಿಚ್ಚಿಡುತ್ತೇನೆ. ಜೊತೆಗೆ ಸೂರಿನ ತುದಿಯಲ್ಲಿ ತೆರೆಯುವ ಕಿಂಡಿ ಒಂದು ಬೇಕೇ ಬೇಕು, ಕೆಳಗಡೆ ಒಂದು ಕಿಟಕಿ. ಎರಡೂ ತೆರೆದರೆ ನಿಮ್ಮ ಆ 44 ಡಿಗ್ರಿ ಗಾಳಿ ತಾನೇ ಮೇಲಿಂದ ಹೊರಡುತ್ತೆ.

ಬೂಷ್ಟುವೈರಿ:
ಎಲ್ಲರೂ ಶಾಖದ ಬಗ್ಗೆ ಹೇಳಿದಿರಿ, ನೀರಿನ ಬಗ್ಗೆ ಯಾರೂ ಹೇಳಲಿಲ್ಲ.

20 ಡಿಗ್ರಿ ಇರುವ ರೂಮಿನಲ್ಲಿ ತೇವಾಂಶ 60% ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತೆ. ಅಲ್ಯೂಮಿನಿಯಂ ಶಾಖವನ್ನು ಸಲೀಸಾಗಿ ದಾಟಿಸುತ್ತೆ. ಹಳೇ ಫ್ರೇಮುಗಳಲ್ಲಿ ಒಳಗಿನ ಲೋಹಕ್ಕೂ ಹೊರಗಿನ ಲೋಹಕ್ಕೂ ನಡುವೆ ಪ್ಲಾಸ್ಟಿಕ್ ತಡೆ ಇರಲ್ಲ, ಅದಕ್ಕೇ ಗಾಜಿಗಿಂತ ಮೊದಲು ಫ್ರೇಮು ಬೆವರುತ್ತೆ. ನಿಮ್ಮ ಪುಸ್ತಕ ಹಾಳಾಗಿದ್ದು ಇದರಿಂದಲೇ.

ಈಗ ಆ ಬೆಳ್ಳಿ ಹಾಳೆ. ಎಡೆ ಬಿಟ್ಟು ಹೊಡೆದರೆ ರೂಮಿನ ಹಸಿ ಗಾಳಿ ಅದರ ಹಿಂದೆ ನುಗ್ಗಿ, ತಣ್ಣನೆ ಶೀಟಿಗೆ ತಾಗಿ ನೀರಾಗುತ್ತೆ. ನಿಮಗೆ ಕಾಣೋದೂ ಇಲ್ಲ. ನಮ್ಮಲ್ಲಿ ಸೂರಿನ ಕೆಳಗೆ ಗ್ಲಾಸ್ ವುಲ್ (ಗಾಜಿನ ಎಳೆಯ ಉಣ್ಣೆ) ತುಂಬಿ ಬೋರ್ಡ್ ಹೊಡೆದು ಹೋದರು, ನಡುವೆ ಆವಿ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಕಲೇ ಇಲ್ಲ. ಎರಡನೇ ಚಳಿಗಾಲಕ್ಕೆ ಬೋರ್ಡಿನ ಮೂಲೆಯಲ್ಲಿ ಕಾಫಿ ಚೆಲ್ಲಿದಂಥ ಕಲೆ. ಬಿಚ್ಚಿಸಿದೆ. ಉಣ್ಣೆ ಒದ್ದೆ ಕಂಬಳಿ ಥರ ನೇತಾಡುತ್ತಿತ್ತು, ಮರದ ಪಟ್ಟಿ ತುಂಬ ಕಪ್ಪು ಬೂಷ್ಟು. ಆವಿ ತಡೆಯುವ ಆ ಹಾಳೆ ಬೆಚ್ಚಗಿರುವ ಕಡೆಗೇ, ಅಂದರೆ ರೂಮಿನ ಕಡೆಗೇ ಬರಬೇಕು, ಕೂಡುವ ಕಡೆಯೆಲ್ಲ ಟೇಪ್ ಹಾಕಬೇಕು. ಹೊರ ಹೊದಿಕೆಗೂ ಉಣ್ಣೆಗೂ ನಡುವೆ ಗಾಳಿಯಾಡಲು ಸುಮಾರು 50 ಎಂಎಂ ಜಾಗ ಬಿಡಬೇಕು. ಫೋಮನ್ನು ಪಟ್ಟಿಗಳ ಮೇಲೇ ಹಾಸುವ ಸೂರಾದರೆ ಆ ಜಾಗದ ತಾಪತ್ರಯ ಇರಲ್ಲ.

ಅಲ್ಲಿ ಬಟ್ಟೆ ಒಣಗಿಸುತ್ತೀರಾ? ಹೌದಾದರೆ ಅದನ್ನು ಇವತ್ತೇ ನಿಲ್ಲಿಸಿ. ಮನೆಗೂ ಆ ರೂಮಿಗೂ ನಡುವಿನ ಬಾಗಿಲನ್ನಂತೂ ತೆಗೆಸಲೇಬೇಡಿ.

ಬಿಸಿಲುಬಾಗಿಲು:
ಬಟ್ಟೆ ಒಣಗಿಸ್ತಿದ್ದೆ. ಹೇಗೆ ಗೊತ್ತಾಯ್ತು?

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗಾಳಿ ಜೋರಿತ್ತು, ಒಂದು ಊದುಬತ್ತಿ ಹಚ್ಚಿಕೊಂಡು ಫ್ರೇಮಿನ ಸುತ್ತ ಒಂದು ಸುತ್ತು ಬಂದೆ. ಎರಡು ಕಿಟಕಿ ಹತ್ತಿರ ಹೊಗೆ ನೆಟ್ಟಗೆ ನಿಂತಿತು. ಬಾಗಿಲ ಕೆಳಗೆ ಮಾತ್ರ ರಪ್ಪಂತ ಒಳಕ್ಕೆ ಬಾಗಿತು. ಕೂತು ನೋಡಿದರೆ ಅಲ್ಲಿನ ರಬ್ಬರು ಗಟ್ಟಿಯಾಗಿ, ಬೆರಳಿಟ್ಟರೆ ಪುಡಿಪುಡಿ ಉದುರುತ್ತೆ. ಹೊಸ ರಬ್ಬರು ಹಾಕಿದ್ದೇನೆ.

ನೆರಳು ಬಟ್ಟೆ ಈ ಬೇಸಿಗೆಗೇ. ಸೂರಿಗೆ ಇಂಜಿನಿಯರನ್ನು ಕರೆಸುತ್ತೇನೆ, ಅಲ್ಲಿವರೆಗೂ ಬೆಳ್ಳಿ ಹಾಳೆಯವರ ಫೋನ್ ಎತ್ತಲ್ಲ. ಒಂದೇ ಅನುಮಾನ: ಸೂರು ಪೂರ್ತಿ ಮುಚ್ಚಿದರೆ ಒಳಗಿನ ಹಾಲ್ ಕತ್ತಲಾಗಲ್ವಾ?

ಅಳತೆಪಟ್ಟಿ:
ಆಗುತ್ತೆ. ಮನೆ ಗೋಡೆಗೆ ಹತ್ತಿರದಲ್ಲಿ ಒಂದೆರಡು ಗಾಜಿನ ಕಿಂಡಿ ಬಿಡಿಸಿ, ತೆರೆಯೋಕೆ ಬರುವಂಥದ್ದು. ಒಡೆದಗಾಜು ಹೇಳಿದ ಗಾಳಿ ಕಿಂಡಿಯೂ ಅದೇ ಆಗುತ್ತೆ.