ಸಹಾಯ ಬೇಕು: ಅಮ್ಮನೊಂದಿಗೆ ಸಿಸಿಲಿಯ ಝಿಂಗಾರೋ ತೀರಕ್ಕೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಇಟಲಿಯ ಸಿಸಿಲಿಗೆ ಹೋಗುತ್ತಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಆಸೆಯಿರುವುದು ಸ್ಕೊಪೆಲ್ಲೋ ಮತ್ತು ಸಾನ್ ವೀಟೋ ಲೋ ಕಾಪೋ ನಡುವಿನ ಝಿಂಗಾರೋ ಸಂರಕ್ಷಿತ ತೀರವನ್ನು ನೋಡಲು. 1980ರಲ್ಲಿ ಸಾವಿರಾರು ಜನರು ಮೆರವಣಿಗೆ ನಡೆಸಿ ಅಲ್ಲಿ ರಸ್ತೆಯಾಗದಂತೆ ತಡೆದರು. ಹಾಗಾಗಿ ಇಂದಿಗೂ ಸುಮಾರು 7 ಕಿಲೋಮೀಟರ್ ಕಾಲುದಾರಿಯೇ ಗತಿ. ಗಿಡ್ಡ ತಾಳೆಗಳ ನಡುವೆ ಇಳಿದರೆ ಬಿಳಿ ಉರುಟುಕಲ್ಲಿನ ಪುಟ್ಟ ಕೊಲ್ಲಿಗಳು, ತಳ ಕಾಣುವ ನೀರು!

ಹೊನ್ನಾವರದಲ್ಲಿ ಬೆಳೆದ ಅಮ್ಮನಿಗೆ ಕಡಲೆಂದರೆ ಪ್ರಾಣ. ಆದರೆ ಈಗ ಮಂಡಿನೋವು. ಸ್ಕೊಪೆಲ್ಲೋ ಕಡೆಯ ಪ್ರವೇಶದಿಂದ ಮೊದಲ ಕೊಲ್ಲಿಯಾದ ಕಾಲಾ ಕಪ್ರೇರಿಯಾವರೆಗೆ ಅವರು ನಿಧಾನವಾಗಿ ನಡೆಯಬಲ್ಲರೇ? ಇಳಿಜಾರು ಕಡಿದಾಗಿದೆಯೇ? ದಾರಿಯಲ್ಲಿ ನೆರಳಿದೆಯೇ? ಪಾಲೆರ್ಮೋದಿಂದ ಕಾರಿಲ್ಲದೆ ತಲುಪುವುದು ಹೇಗೆ? ವಯಸ್ಸಾದವರೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ.